ಅಳತೆಗೆ ನಿಂತವರು

ಆಗಸ್ಟ್ 19 ಹತ್ತಿರ ಬಂತೆಂದರೆ ನಮ್ಮ ಪತ್ರಿಕೆಗಳಿಗೆ ಫೋಟೋಗ್ರಾಫರರ ನೆನಪಾಗುತ್ತದೆ. 1839ರ ಆ ದಿನ ಫ್ರಾನ್ಸಿನ ಸರ್ಕಾರ ಡಗೇರನ ಫೋಟೋ ತೆಗೆಯುವ ವಿಧಾನವನ್ನು ಲೋಕಕ್ಕೆಲ್ಲ ಉಚಿತವೆಂದು ಸಾರಿತು. ಅದಕ್ಕೆ ನಾಲ್ಕಾರು ದಿನ ಮೊದಲೇ ಇಂಗ್ಲೆಂಡಿನಲ್ಲಿ ಅದರ ಪೇಟೆಂಟ್ ಮಾಡಿಸಿಟ್ಟಿದ್ದ ಸಂಗತಿ ಛಾಯಾಗ್ರಹಣ ದಿನಾಚರಣೆಯ ಭಾಷಣಗಳಲ್ಲಿ ಬರುವುದಿಲ್ಲ. ಈ ಸಲದ ದಿನಾಚರಣೆಗೆ ರಾಜಧಾನಿಯ ನಮ್ಮ ಸೋದರ ಪತ್ರಿಕೆಯೊಂದು ಬೀದರಿನ ವೈವಿಧ್ಯದ ಮೇಲೆ ಸಂಚಿಕೆ ತಂದಿದೆ. ಮುಖಪುಟದಲ್ಲಿ ಡ್ರೋನ್ ಏರಿಸಿ ತೆಗೆದ ಮಹಮೂದ್ ಗವಾನನ ಮದರಸಾ. ಒಳಗೆ ರುಮಾಲಿನ ಅಜ್ಜ, ಲಂಬಾಣಿ ಹೆಂಗಸು, ಬುರ್ಖಾದ ಹುಡುಗಿ, ನಾನಕ್ ಝೀರಾದ ಸಿಖ್ ಯಾತ್ರಿಕ. ಉಡುಪಿಗೊಂದು ಪುಟ, ಧರ್ಮಕ್ಕೊಂದು ಪುಟ, ಕೋಟಾ ಭರ್ತಿ. ಪ್ರತಿ ಚಿತ್ರದ ಕೆಳಗೂ ಫೋಟೋಗ್ರಾಫರನ ಹೆಸರು, ಕ್ಯಾಮೆರಾದ ಮಾಡೆಲ್, ಲೆನ್ಸಿನ ನಂಬರು. ಚಿತ್ರದೊಳಗೆ ಇರುವವರ ಹೆಸರು ಮಾತ್ರ ಒಂದೂ ಇಲ್ಲ.

ಅದೇ ಹೊತ್ತಿಗೆ ನಮ್ಮ ಕಳೆದ ಸಂಚಿಕೆಯ ಮುಖಪುಟದ ಮೇಲೆ ಸಿಟ್ಟಿನ ಕಾಗದಗಳು ಬಂದಿವೆ. ಭಾಲ್ಕಿಯ ಹಳೆಯ ಸ್ಟುಡಿಯೋದ ಕಪ್ಪುಬಿಳುಪು ಗ್ರೂಪ್ ಫೋಟೋ ಒಂದನ್ನು, ಅಂಚಿಗೆ ಹತ್ತಿದ ಬೂಷ್ಟಿನ ಸಮೇತ, ಹಾಗೆಯೇ ಅಚ್ಚು ಹಾಕಿದ್ದೆವು. ಸಾಹಿತ್ಯ ಪತ್ರಿಕೆಯೊಂದಕ್ಕೆ ಒಳ್ಳೆಯ ಕಲಾತ್ಮಕ ಚಿತ್ರ ಸಿಗಲಿಲ್ಲವೇ ಎಂದು ಓದುಗರು ಕೇಳುತ್ತಾರೆ. ಸಿಕ್ಕಿದ್ದವು, ರಾಶಿಗಟ್ಟಲೆ. ಬೇಡವೆಂದೇ ಬಿಟ್ಟೆವು.

ಬೀದರಿನ ಫೋಟೋಗಳಲ್ಲಿ ಜನ ಬಳಕೆಯಾಗುವುದು ಎರಡೇ ಕೆಲಸಕ್ಕೆ. ಕಟ್ಟಡದ ಎತ್ತರ ತೋರಿಸಲು, ಇಲ್ಲವೇ ಚೌಕಟ್ಟಿಗೆ ಬಣ್ಣ ತುಂಬಲು. ಎತ್ತರ ತೋರಿಸುವ ಕೆಲಸ ಬಹಳ ಹಳೆಯದು. ಹತ್ತೊಂಬತ್ತನೇ ಶತಮಾನದ ಸ್ಮಾರಕ ಚಿತ್ರಗಳನ್ನು ತಿರುವಿ ನೋಡಿ: ಕಮಾನಿನ ಬುಡದಲ್ಲಿ ಯಾರೋ ಒಬ್ಬ ಆಳು ನಿಂತಿರುತ್ತಾನೆ. ಅವನನ್ನು ನಿಲ್ಲಿಸಿದ್ದು ಅಳತೆಗೆ. ಕಮಾನು ಕಟ್ಟಿಸಿದವನ ಹೆಸರು, ಇಸವಿ, ಅಡಿ, ಅಂಗುಲ ಎಲ್ಲ ಬರೆದಿರುತ್ತಾರೆ. ಆಳಿನ ಬಗ್ಗೆ ಒಂದಕ್ಷರ ಇರುವುದಿಲ್ಲ. ಬಣ್ಣ ತುಂಬುವ ಕೆಲಸಕ್ಕೂ ಅದೇ ಕಾಲದ ಹಿರಿತನವಿದೆ. 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಅಚ್ಚಾದ ‘ದಿ ಪೀಪಲ್ ಆಫ್ ಇಂಡಿಯಾ’ದ ಎಂಟು ಸಂಪುಟಗಳಲ್ಲಿ ನಮ್ಮ ದೇಶದವರನ್ನು ಜಾತಿ, ಬುಡಕಟ್ಟು, ಕಸುಬುಗಳ ಪ್ರಕಾರ ವಿಂಗಡಿಸಿ ಅಂಟಿಸಿದ್ದಾರೆ. ಇಂದಿನ ವೈವಿಧ್ಯದ ಸಂಚಿಕೆಗಳು ಆ ಸಂಪುಟಗಳ ಮೊಮ್ಮಕ್ಕಳು. ಕಾಗದ ನುಣುಪಾಗಿದೆ, ಅಷ್ಟೇ.

ನಮ್ಮ ಸೀಮೆಯನ್ನು ಆಳಿದ್ದು ನಿಜಾಮ. ಆರನೆಯ ನಿಜಾಮನ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ ದೊಡ್ಡ ಕಲಾವಿದ, ಅದರಲ್ಲಿ ಅನುಮಾನವಿಲ್ಲ. 1892ರಲ್ಲಿ ಅವರು ತೆರೆದ ಜನಾನಾ ಸ್ಟುಡಿಯೋಕ್ಕೆ ಎತ್ತರದ ಗೋಡೆ; ಒಳಗೆ ಹೆಂಗಸರದೇ ಕಾರುಬಾರು. ಪರದೆಯ ಹೆಣ್ಣುಮಕ್ಕಳು ಅಲ್ಲಿ ಸಂಕೋಚವಿಲ್ಲದೆ ಕೂತು ಫೋಟೋ ತೆಗೆಸಿಕೊಂಡರು. ಎಲ್ಲರೂ ದೊಡ್ಡ ಮನೆತನದವರು, ಖರೆ. ಅದೇ ದೀನ್ ದಯಾಳ್ 1899–1900ರ ಬರಗಾಲದಲ್ಲಿ ಔರಂಗಾಬಾದ್ ಜಿಲ್ಲೆಯ ಪರಿಹಾರ ಕೆಲಸಗಳ ಆಲ್ಬಂ ಮಾಡಿದರು. ಬಡವರು ಅದರೊಳಗೆ ಬಂದದ್ದು ಸರ್ಕಾರ ಎಷ್ಟು ಪುಣ್ಯದ ಕೆಲಸ ಮಾಡಿತೆಂದು ತೋರಿಸುವುದಕ್ಕೆ. ಲಾಕ್‌ಡೌನಿನಲ್ಲಿ ರೇಷನ್ ಕಿಟ್ ಹಂಚುತ್ತ ನಮ್ಮ ಮುಖಂಡರು ತೆಗೆಸಿಕೊಂಡ ಫೋಟೋಗಳಿಗೆ ಇದಕ್ಕಿಂತ ಒಳ್ಳೆಯ ವಂಶಾವಳಿ ಬೇಕಿಲ್ಲ. ಒಂದೇ ಕ್ಯಾಮೆರಾ. ಶ್ರೀಮಂತರು ತಾವಾಗಿ ಬಂದು ಕೂತರು, ಬಡವರನ್ನು ಕರೆತಂದು ನಿಲ್ಲಿಸಿದರು. ಸಾಮಾಜಿಕ ಉದ್ದೇಶ ಎಂಬ ಮಾತು ಎಲ್ಲಿ ಕಿವಿಗೆ ಬಿದ್ದರೂ ನಾವು ಮೊದಲು ಕೇಳಬೇಕಾದದ್ದು ಇಷ್ಟೇ: ಇವರು ಬಂದು ಕೂತವರೋ, ತಂದು ನಿಲ್ಲಿಸಿದವರೋ?

1947ರಲ್ಲಿ ಗುಲಾಂ ಯಜ್ದಾನಿಯವರ ಬೀದರ್ ಪುಸ್ತಕ ಬಂತು. ಅದಿಲ್ಲದೆ ಈ ಊರಿನ ಬಗ್ಗೆ ನೆಟ್ಟಗೆ ಒಂದು ಪುಟ ಬರೆಯಲಾಗದು. ಈ ಪತ್ರಿಕೆಯೂ ಅದರ ಋಣದಲ್ಲಿದೆ. ಆದರೆ ಅದು ಕಲ್ಲಿನ ಬೀದರ್. ಆಮೇಲಿನವರು ಆ ಪುಸ್ತಕದ ಪಾಂಡಿತ್ಯವನ್ನು ಬಿಟ್ಟರು, ಕೋನವನ್ನು ಮಾತ್ರ ಇಟ್ಟುಕೊಂಡರು. ಮದರಸಾವನ್ನು ಇವತ್ತಿಗೂ ಉಳಿದೊಂದು ಮಿನಾರಿನ ಕಡೆಯಿಂದಲೇ ತೆಗೆಯುತ್ತಾರೆ; ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಕುಸಿದ ಬದಿ ಯಾರಿಗೂ ಬೇಡ. ಬಿದರಿ ಕಲೆಯ ಚಿತ್ರವೆಂದರೆ ಉಳಿ ಹಿಡಿದ ಸುಕ್ಕುಗಟ್ಟಿದ ಕೈ. ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಒಂದು ಕೈಗೆ ಮುಖ ಬಂತು, ಹೆಸರು ಬಂತು. ಸತುವು ಕರಗಿಸಿ ಎರಕ ಹೊಯ್ಯುವವರು, ಕೋಟೆಯ ಮಣ್ಣಿನಿಂದ ಕಪ್ಪೇರಿಸುವವರು, ಉಜ್ಜಿ ಹೊಳಪು ತರುವವರು ಇನ್ನೂ ಬರೀ ಕೈಗಳೇ. ಹೊನ್ನಿಕೇರಿಯ ಕೃಷ್ಣಮೃಗ ಮತ್ತು ವಾಯುನೆಲೆಯ ಸೂರ್ಯಕಿರಣ ವಿಮಾನಗಳ ಬಗ್ಗೆ ನಮ್ಮ ತಕರಾರಿಲ್ಲ. ಅವು ಹೆಸರು ಕೇಳುವುದಿಲ್ಲ.

ಅಷ್ಟೂರಿನ ಉರುಸಿನ ಮಾತು ಬೇರೆ. ಹೋಳಿಯ ನಂತರ ಅಹ್ಮದ್ ಶಾ ವಲಿಯ ಗುಮ್ಮಟಕ್ಕೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಸುಲ್ತಾನನ ಉರುಸು ಅವರಿಲ್ಲದೆ ನಡೆಯುವುದಿಲ್ಲ. ವರ್ಷ ವರ್ಷ ಅದೊಂದೇ ಚಿತ್ರ ‘ಭಾವೈಕ್ಯ’ ಎಂಬ ತಲೆಬರಹದಲ್ಲಿ ಅಚ್ಚಾಗುತ್ತದೆ. ಜಂಗಮರ ಸುತ್ತ ನೆರೆದವರು ಯಾರು, ಯಾವ ಊರಿನವರು, ಅವರ ಹರಕೆ ಏನು, ಸುಲ್ತಾನನನ್ನು ಅಲ್ಲಮನೆಂದು ನಂಬಿ ಬರುವವರಾರು, ವಲಿಯೆಂದು ನಂಬಿ ಬರುವವರಾರು ಎಂದು ಕೇಳಿ ಬರೆದುಕೊಳ್ಳುವ ವ್ಯವಧಾನ ಫೋಟೋದವರಿಗಿಲ್ಲ. ಸೌಹಾರ್ದ ಕಣ್ಣಿಗೆ ಚೆಂದ ಕಂಡರೆ ಅವರಿಗೆ ಸಾಕು.

ಕಾರಂಜಾದ ಕತೆ ಇನ್ನೂ ಹೇಸಿಗೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿಯ ಆ ಜಲಾಶಯ ಈಗ ಸೂರ್ಯಾಸ್ತಕ್ಕೂ ಪ್ರೀ-ವೆಡ್ಡಿಂಗ್ ಶೂಟಿಗೂ ಹೆಸರಾಗಿದೆ. ಅದರಲ್ಲಿ ಜಮೀನು ಕಳೆದುಕೊಂಡವರು ಸರಿಯಾದ ಪರಿಹಾರ ಕೊಡಿ ಎಂದು ಬೀದರಿನಲ್ಲಿ ವರ್ಷಗಟ್ಟಲೆ ಧರಣಿ ಕೂತರು. ಅವರ ಟೆಂಟಿನೊಳಗೆ ಹೊಕ್ಕ ಕಲಾತ್ಮಕ ಕ್ಯಾಮೆರಾ ಯಾವುದೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಮುಳುಗಿದ ಮನೆಯ ಬಾಗಿಲು ಇವತ್ತು ಎಲ್ಲಾದರೂ ಉಳಿದಿದ್ದರೆ ಯಾರದೋ ಮದುವೆಯ ಗ್ರೂಪ್ ಫೋಟೋದ ಹಿಂದೆ ಉಳಿದಿದ್ದೀತು.

ಸಲೋನು ಎಂದು ಕರೆಯುವ ಫೋಟೋ ಸ್ಪರ್ಧೆಗಳ ಗುಂಪಿಗೆ ಈ ಮಾತು ಕಹಿಯಾಗುತ್ತದೆ ಎಂದು ಗೊತ್ತು. ಅವರ ‘ಜನಜೀವನ’ ವಿಭಾಗಕ್ಕೆ ಚಿತ್ರ ಹೇಗೆ ಸಿದ್ಧವಾಗುತ್ತದೆಂದು ಬಲ್ಲವರು ಬಲ್ಲರು. ಕುರಿಗಾಹಿಯ ಕೈಗೆ ನೋಟು ತುರುಕಿ, ಬಿಸಿಲು ಹಿಂದಿನಿಂದ ಬೀಳುವಂತೆ ಮಂದೆಯನ್ನು ಧೂಳಿನಲ್ಲಿ ಮತ್ತೆ ಮತ್ತೆ ಓಡಿಸುವುದು. ಮನೆಯಲ್ಲಿ ಗ್ಯಾಸ್ ಇದ್ದರೂ ಅಜ್ಜಿಯ ಕೈಯಲ್ಲಿ ಒಲೆ ಊದಿಸುವುದು. ಔರಾದಿನ ತಾಂಡಾಗೆ ಹೋಗಿ, ಪುಣೆಯಲ್ಲೋ ಹೈದರಾಬಾದಿನಲ್ಲೋ ಕಟ್ಟಡದ ಕೆಲಸ ಮಾಡಿ ಊರಿಗೆ ಬಂದ ಹೆಣ್ಣುಮಗಳಿಗೆ ಅಜ್ಜಿಯ ಕನ್ನಡಿ ಲಂಗ ಉಡಿಸಿ ನಿಲ್ಲಿಸುವುದು. ಪದಕ ಬರುತ್ತದೆ. ಇದೇ ನಾಡಿನ ಟಿ.ಎಸ್. ಸತ್ಯನ್ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಬಡತನಕ್ಕೆ ಮೇಕಪ್ ಹಚ್ಚುವ ಚಟ ಅವರಿಗಿರಲಿಲ್ಲ. ಬೆಂಗಳೂರಿನ ಎನ್. ಪುಷ್ಪಮಾಲಾ 2000ರಿಂದ 2004ರವರೆಗೆ ಕ್ಲೇರ್ ಆರ್ನಿಯವರೊಂದಿಗೆ ಮಾಡಿದ ಸರಣಿಯಲ್ಲಿ, ಚೌಕುಳಿ ಪರದೆಯ ಮುಂದೆ ತೋಡ ಹೆಂಗಸನ್ನು ಅಳೆದ ಹಳೆಯ ಫೋಟೋವನ್ನು ತಾವೇ ವೇಷ ಹಾಕಿ ನಿಂತು ಮತ್ತೆ ತೆಗೆಸಿದರು. ನೋಡಿದವರಿಗೆ ಮೊದಲು ನಗು, ಆಮೇಲೆ ನಾಚಿಕೆ. ಸಲೋನಿನ ತೀರ್ಪುಗಾರರಿಗೆ ಈ ಎರಡೂ ತಟ್ಟಿದಂತಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಬೀದರಿನಿಂದ ಹೊರಟ ಅತಿ ಮುಖ್ಯ ಚಿತ್ರ ಯಾವುದೆಂದು ಕೇಳಿದರೆ ನಾವು ಹೇಳುವುದು ಯಾವ ಕಲಾವಿದನೂ ತೆಗೆಯದ ಚಿತ್ರವನ್ನು. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಆಡಿದ ನಾಟಕದ ಮೇಲೆ ರಾಜದ್ರೋಹದ ಪ್ರಕರಣ ದಾಖಲಾಗಿ, ಸಮವಸ್ತ್ರದ ಪೊಲೀಸರು ಮಕ್ಕಳನ್ನು ಕೂಡಿಸಿಕೊಂಡು ಪ್ರಶ್ನೆ ಕೇಳಿದರು. ಆ ದೃಶ್ಯದ ಫೋಟೋ ಹೈಕೋರ್ಟಿನ ಕಡತ ಸೇರಿತು. ಮಕ್ಕಳ ಮುಂದೆ ಸಮವಸ್ತ್ರ ತೊಟ್ಟು ಕೂತದ್ದು ಮೇಲ್ನೋಟಕ್ಕೇ ನಿಯಮದ ಉಲ್ಲಂಘನೆ ಎಂದು 2021ರಲ್ಲಿ ನ್ಯಾಯಾಲಯ ಹೇಳಿತು. ಶಾಲೆಯವರ ಮೇಲಿನ ಪ್ರಕರಣವನ್ನು 2023ರಲ್ಲಿ ಕಲಬುರಗಿ ಪೀಠ ರದ್ದು ಮಾಡಿತು. ಆ ಚಿತ್ರದಲ್ಲಿ ಬೆಳಕು ನೆಟ್ಟಗಿಲ್ಲ, ಚೌಕಟ್ಟು ನೆಟ್ಟಗಿಲ್ಲ, ಯಾವ ಸಲೋನೂ ಅದನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಆದರೆ ಕೆಲಸ ಮಾಡಿತು. ಅಲ್ಲಿ ಮಕ್ಕಳ ಹೆಸರು ಹಾಕದಿರುವುದೇ ಧರ್ಮ ಎಂಬುದನ್ನೂ ಒಪ್ಪೋಣ. ಹೆಸರು ಬೇಕೋ ಬೇಡವೋ ಎಂಬುದು ಚಿತ್ರದಲ್ಲಿ ಇರುವವರ ತೀರ್ಮಾನ. ಫೋಟೋಗ್ರಾಫರನ ಉದಾಸೀನದಿಂದ ಅದು ತೀರ್ಮಾನವಾಗಬಾರದು.

ಇನ್ನು ನಮ್ಮ ಮುಖಪುಟದ ಸ್ಟುಡಿಯೋ. ಭಾಲ್ಕಿ, ಔರಾದ್, ಕಮಲನಗರದ ಪೇಟೆಗಳಲ್ಲಿ ಪರದೆ ಕಟ್ಟಿ ಕೂತ ಫೋಟೋದವರು ತಾವು ಸಮಾಜಸೇವೆ ಮಾಡುತ್ತಿದ್ದೇವೆಂದು ಎಂದೂ ತಿಳಿದವರಲ್ಲ. ರೇಷನ್ ಕಾರ್ಡಿಗೆ, ಹಾಲ್ ಟಿಕೆಟಿಗೆ, ವಿಧವಾ ವೇತನಕ್ಕೆ ಪಾಸ್‌ಪೋರ್ಟ್ ಸೈಜು ತೆಗೆದರು. ವರನ ಕಡೆಗೆ ಕಳಿಸಲು ಹುಡುಗಿಯರ ಫುಲ್ ಸೈಜು ತೆಗೆದು, ಗಲ್ಲದ ಮೇಲಿನ ಕಲೆ ಕಾಣದಂತೆ ನೆಗೆಟಿವ್‌ಗೆ ಪೆನ್ಸಿಲಿನಿಂದ ಟಚಿಂಗ್ ಮಾಡಿದರು. ಲಿಂಗೈಕ್ಯರಾದವರನ್ನು ಕೂಡಿಸಿ ಹಾರ ಹಾಕಿದ ಮೇಲೆ ಮನೆಮಂದಿ ಕರೆಕಳಿಸಿದರೆ ಊಟ ಬಿಟ್ಟು ಓಡಿದರು. ಜಂಗಮರ ಮನೆಯವರು, ಹೊಲೆಯರ ಕೇರಿಯವರು, ಮುಸಲ್ಮಾನರು, ತಾಂಡಾದವರು, ಗಡಿಯಾಚೆಯ ಮರಾಠಿ ಹಳ್ಳಿಗಳವರು, ಎಲ್ಲರ ಬೆನ್ನ ಹಿಂದೆಯೂ ಅದೇ ಬಂಗಲೆ, ಅದೇ ಮೆಟ್ಟಿಲು, ಅದೇ ಸರೋವರದ ಪರದೆ. ಊರಲ್ಲಿ ಒಂದು ಕಟ್ಟೆಯ ಮೇಲೆ ಜೊತೆಗೆ ಕೂಡಲಾಗದವರು ಸ್ಟುಡಿಯೋದ ಒಂದೇ ಸ್ಟೂಲಿನ ಮೇಲೆ ಸರದಿಯಲ್ಲಿ ಕೂತು ಎದ್ದಿದ್ದಾರೆ. ಇದನ್ನು ಕ್ರಾಂತಿ ಎನ್ನಬೇಕಿಲ್ಲ. ಸ್ಟುಡಿಯೋ ಮಾಲೀಕನೂ ಊರಿನವನೇ. ಯಾರ ಮನೆಯ ಮದುವೆಗೆ ಹೋಗಬೇಕು, ಯಾರ ಕೇರಿಗೆ ಹುಡುಗನನ್ನು ಕಳಿಸಬೇಕು ಎಂಬ ಲೆಕ್ಕ ಅವನಿಗೂ ಇತ್ತು. ಆದರೂ ಅವನ ಮುಂದೆ ಕೂತವರು ತಾವೇ ಕಾಸು ಕೊಟ್ಟು, ತಮಗೆ ಬೇಕಾದ ಅಂಗಿ ತೊಟ್ಟು, ವಾಚು ಕಾಣುವಂತೆ ಕೈ ಇಟ್ಟು ಕೂತವರು. ಚೆನ್ನಾಗಿ ಬರದಿದ್ದರೆ ‘ಮತ್ತೊಮ್ಮೆ ಹೊಡಿ ಮಾಮಾ’ ಎಂದು ಜಗಳ ತೆಗೆದವರು. ನಮ್ಮ ಸೀಮೆಯ ವೈವಿಧ್ಯ, ಸಮುದಾಯ ಎರಡೂ ಇರುವುದು ಆ ರಟ್ಟಿನ ಡಬ್ಬಿಗಳಲ್ಲಿ. ರಸೀದಿ ಪುಸ್ತಕ ಉಳಿದಿದ್ದರೆ ಹೆಸರು, ಊರು, ತಾರೀಖೂ ಸಿಗುತ್ತವೆ.

ಆ ಡಬ್ಬಿಗಳು ಹೋಗುತ್ತಿವೆ. ಕಪ್ಪುಬಿಳುಪು ನೆಗೆಟಿವ್‌ಗಳನ್ನು ಅವುಗಳೊಳಗಿನ ಬೆಳ್ಳಿಗಾಗಿ ತೂಕಕ್ಕೆ ಕೊಂಡೊಯ್ದರು. ಬಿದರಿಯ ಜಿಲ್ಲೆಯಲ್ಲಿ ಬೆಳ್ಳಿಯ ಬೆಲೆ ಯಾರಿಗೂ ಹೇಳಿಕೊಡಬೇಕಿಲ್ಲ. ಬಣ್ಣದ ರೋಲುಗಳು ತಗಡಿನ ಮಾಳಿಗೆಯ ಕೆಳಗೆ ಒಂದಕ್ಕೊಂದು ಅಂಟಿಕೊಂಡವು. ಡಿಜಿಟಲ್ ಬಂದ ಮೇಲಿನದಂತೂ ಹಾರ್ಡ್ ಡಿಸ್ಕ್ ಕೆಟ್ಟ ದಿನವೇ ಮುಗಿಯಿತು. ಬೆಂಗಳೂರಿನಲ್ಲಿ 2023ರಲ್ಲಿ ಕಲೆ ಮತ್ತು ಛಾಯಾಗ್ರಹಣಕ್ಕೆಂದೇ ಮ್ಯೂಸಿಯಂ ಬಾಗಿಲು ತೆರೆಯಿತು, ಸಂತೋಷ. ಔರಾದಿನ ಡಬ್ಬಿ ಅಲ್ಲಿಯವರೆಗೆ ತಾನಾಗಿ ನಡೆದು ಹೋಗುವುದಿಲ್ಲ.

ಫೋಟೋ ಕಲಿಸುವ ಕಾರ್ಯಾಗಾರದವರಿಗೂ ಒಂದು ಮಾತು. ಚೆನ್ನೈಯಲ್ಲಿ ಎಂ. ಪಳನಿ ಕುಮಾರ್ ಪೌರಕಾರ್ಮಿಕರ, ಮೀನುಗಾರರ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಕಲಿಸುತ್ತಿದ್ದಾರೆ. ಅವರು ಬಂದದ್ದೂ ಅಂಥದೇ ದುಡಿಯುವ ಮನೆಯಿಂದ, ಕಲಿಸಿದ ಮೇಲೆ ಕೈ ಬಿಟ್ಟವರೂ ಅಲ್ಲ. ನಮ್ಮಲ್ಲಿ ಬರುವ ಸಂಸ್ಥೆಗಳು ಕ್ಯಾಮೆರಾ ಕೊಡುತ್ತವೆ, ಬ್ಯಾನರಿನ ಮುಂದೆ ಗ್ರೂಪ್ ಫೋಟೋ ತೆಗೆಯುತ್ತವೆ, ಸಂಜೆ ಕ್ಯಾಮೆರಾ ಎಣಿಸಿ ವಾಪಸು ತೆಗೆದುಕೊಂಡು ಹೋಗುತ್ತವೆ.

ಈ ಸಂಚಿಕೆ ಸ್ಟುಡಿಯೋ ಫೋಟೋಗಳ ಮೇಲೆ.

ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯಲ್ಲಿ ಚಿತ್ರದೊಳಗಿನವರ ಹೆಸರಿಲ್ಲದೆ, ಇಲ್ಲವೇ ಹೆಸರು ಬೇಡವೆಂದು ಅವರೇ ಹೇಳಿದ ಮಾತಿಲ್ಲದೆ, ಯಾವ ವ್ಯಕ್ತಿಚಿತ್ರವೂ ಅಚ್ಚಾಗುವುದಿಲ್ಲ. ಪದಕ ಬಂದ ಚಿತ್ರವಾದರೂ ಅಷ್ಟೇ. ಓದುಗರಲ್ಲಿ ಒಂದು ಬೇಡಿಕೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆಯನ್ನು ಪ್ರತಿ ರಾಜ್ಯೋತ್ಸವದಲ್ಲೂ ಕೇಳುತ್ತೇವೆ. ಒಳಗೆ ಕೂತು ಕಲಿತ ಮಕ್ಕಳ ಮುಖ ನಮಗೆ ಬೇಕು. ನಿಮ್ಮ ಮನೆಯ ಅಜ್ಜನೋ ಮುತ್ತಜ್ಜನೋ ಅವರಲ್ಲೊಬ್ಬರಾಗಿದ್ದರೆ, ಯಾವ ವಯಸ್ಸಿನ ಫೋಟೋ ಇದ್ದರೂ ಕಳಿಸಿ. ಕಾರಂಜಾದಲ್ಲಿ ಮುಳುಗಿದ ಊರುಗಳ ಮದುವೆ ಫೋಟೋ ಇದ್ದರೆ ಅದನ್ನೂ ಕಳಿಸಿ. ಆಲ್ಬಮ್ಮಿನಿಂದ ಕೀಳಬೇಡಿ, ಮೊಬೈಲಿನಲ್ಲಿ ತೆಗೆದರೆ ಸಾಕು; ಹಿಂಬದಿಯಲ್ಲಿ ಸ್ಟುಡಿಯೋದ ಸಿಕ್ಕಾ ಇದ್ದರೆ ಅದರದೂ ಒಂದು ಫೋಟೋ ಇರಲಿ. ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಯಿರಿ, ಮೂಲೆಯಲ್ಲಿ ಕೊಡೆ ಹಿಡಿದು ನಿಂತ ಆಳಿನದೂ.