ಎಂಜಿನ್ ಕೆಟ್ಟರೆ ವಿಮಾನ ಕಲ್ಲಿನ ಹಾಗೆ ಬೀಳಲ್ಲ ಮಾರಾಯ್ರೆ

ಎಂಜಿನ್ ಕೆಟ್ಟ ಪುಟ್ಟ ವಿಮಾನ ಎಲ್ಲೋ ಇಳಿದು ಒಳಗಿದ್ದವರು ಬದುಕಿ ಬಂದರೆ ಸಾಕು, ನಮಗೆ ಸಿಗುವುದು ಒಂದೇ ಶಬ್ದ: ಪವಾಡ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನ ಎಂಜಿನ್ ತೊಂದರೆಯಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಇಬ್ಬರೂ ಬದುಕಿದರು. ಇಂಥದ್ದನ್ನು ಪವಾಡ ಅಂತ ಫಾರ್ವರ್ಡ್ ಮಾಡುವವರ ಮೇಲೆ ನನ್ನದೊಂದು ತಕರಾರು ಉಂಟು.

ಧರ್ಮಸ್ಥಳದ ಪಕ್ಕದ ಉಜಿರೆಯವ ನಾನು, ದೇವರ ಜೊತೆ ಜಗಳ ಇಲ್ಲ. ಜಗಳ ಆ ಶಬ್ದದ ಸೋಮಾರಿತನದ ಜೊತೆ. ಎಂಜಿನ್ ನಿಂತ ಸಣ್ಣ ವಿಮಾನ ತೇಲುತ್ತಾ ಇಳಿಯುತ್ತದೆ, ಸಾವಿರ ಅಡಿ ಎತ್ತರಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ಲೆಕ್ಕದಲ್ಲಿ. ಪೈಲಟ್ ಮೂತಿ ತಗ್ಗಿಸಿ ವೇಗ ಉಳಿಸಿಕೊಳ್ಳಬೇಕು, ಜಾಗ ಆರಿಸಬೇಕು, ಸಮಯ ಇದ್ದರೆ ಎಂಜಿನ್ ಮತ್ತೆ ಚಾಲೂ ಮಾಡಿ ನೋಡಬೇಕು. ತರಬೇತಿಯಲ್ಲಿ ಎಂಜಿನ್ ಶಕ್ತಿ ಇಳಿಸಿ ಇದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಪವಾಡ ಅಂದ ಕೂಡಲೇ ಆ ಅಭ್ಯಾಸಕ್ಕೆ ಬೆಲೆ ಇಲ್ಲ. ಎಂಜಿನ್ ಯಾಕೆ ಕೆಟ್ಟಿತು, ಸರ್ವಿಸ್ ಮಾಡಿದ್ದು ಯಾರು ಅಂತ ಕೇಳುವವರೂ ಇಲ್ಲ. ನಿಮ್ಮ ಆಫೀಸಲ್ಲಿ ರಾತ್ರಿ ಎರಡಕ್ಕೆ ಸರ್ವರ್ ಬಿದ್ದು ನಾಲ್ಕಕ್ಕೆ ಎದ್ದರೆ ಮ್ಯಾನೇಜರ್ ತೆಂಗಿನಕಾಯಿ ಒಡೆಯುತ್ತಾರಾ? ಬೆಳಿಗ್ಗೆ ಆರ್‌ಸಿಎ ಎಲ್ಲಿ ಅಂತಾರೆ.

ಈಗ ಸೀಪ್ಲೇನ್ ಹುಚ್ಚು ಬೇರೆ. 2024ರ ನವೆಂಬರ್ 11ರಂದು ಕೊಚ್ಚಿಯಿಂದ ಮುನ್ನಾರ್ ಹತ್ತಿರದ ಮಾಟುಪೆಟ್ಟಿ ಜಲಾಶಯಕ್ಕೆ ಪ್ರಯೋಗಕ್ಕೆಂದು ಒಂದನ್ನು ಹಾರಿಸಿದರು. ನಮ್ಮ ಘಟ್ಟಕ್ಕೂ ಬರಲಿ ಅಂತ ವೀಕೆಂಡ್ ಟ್ರೆಕ್ಕಿಂಗ್ ಗೆಳೆಯರ ಆಸೆ. ಬರಲಿ, ಬೇಡ ಅಂದವರು ಯಾರು? ಅದಕ್ಕೆ ಎರಡು ಎಂಜಿನ್ ಇತ್ತು, ಒಂದು ಕೈಕೊಟ್ಟರೆ ಇನ್ನೊಂದು. ಆದರೆ ಒಂಟಿ ಎಂಜಿನ್ನಿನವೂ ಇವೆ. ಕೆರೆ, ಜಲಾಶಯದ ಮೇಲಿದ್ದಾಗ ಕೆಳಗೆಲ್ಲ ರನ್‌ವೇ, ಒಪ್ಪಿದೆ. ಚಾರ್ಮಾಡಿ ಮೇಲೆ ಎಂಜಿನ್ ನಿಂತರೆ? ಹೊನ್ನಿಹಾಳದ ಹೊಲ ಅಲ್ಲಿಲ್ಲ. ನೇತ್ರಾವತಿ ಉಂಟಲ್ಲ ಅಂತೀರಾ, ಬೇಸಿಗೆಯಲ್ಲಿ ಒಮ್ಮೆ ಬಂದು ಬಂಡೆ ಎಣಿಸಿ.

ಇಳಿದು ಬದುಕಿದರೂ ಅರ್ಧ ಕೆಲಸ ಬಾಕಿ. ವಿಮಾನದ ತುರ್ತು ಬೀಕನ್ 406 ಮೆಗಾಹರ್ಟ್ಜ್‌ನಲ್ಲಿ ಕೂಗುತ್ತದೆ, ಉಪಗ್ರಹದ ಮೂಲಕ ಅದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಮುಟ್ಟುತ್ತದೆ. ಅಲ್ಲಿಯವರೆಗೆ ವ್ಯವಸ್ಥೆ ಚಂದ ಉಂಟು. ಆಮೇಲೆ? ಫೋನ್ ಸಿಗ್ನಲ್ ಇಲ್ಲದ ಕಾಡಿನೊಳಗೆ ಆ ಜಾಗಕ್ಕೆ ಹೋಗುವವರು ಯಾರು, ಎಷ್ಟು ಹೊತ್ತು ಬೇಕು, ಅವರಿಗೆ ಅಭ್ಯಾಸ ಮಾಡಿಸಿದ್ದು ಯಾವಾಗ? ಟಿಕೆಟ್ ರೇಟ್ ಕೇಳುವ ಮೊದಲು ಇದನ್ನು ಕೇಳಿ. ಸದ್ಯಕ್ಕಂತೂ ಕತ್ತಿ ಹಿಡಿದು ದಾರಿ ಬಿಡಿಸುವವರು ನಮ್ಮೂರಿನ ಹುಡುಗರೇ.