ಅಜ್ಜಿಯ ಪುಡಿಗೂ ಬೇಕು ಪರೀಕ್ಷೆ

ಬಸವಕಲ್ಯಾಣದ ಪೇಟೆಯಲ್ಲಿ ಒಂದೇ ಕಾಯಿಗೆ ಮೂರು ಹೆಸರು. ಕನ್ನಡದಲ್ಲಿ ಕೇಳುವವರಿಗೆ ಅದು ಅಳಲೆಕಾಯಿ, ಮರಾಠಿಯಲ್ಲಿ ಕೇಳುವವರಿಗೆ ಹಿರಡಾ, ಹಕೀಮರ ಚೀಟಿ ಹಿಡಿದು ಬಂದವರಿಗೆ ಹಲೇಲಾ. ಅದರ ಜೊತೆ ತಾರೆಕಾಯಿ, ನೆಲ್ಲಿಕಾಯಿ ಸೇರಿಸಿ, ಒಣಗಿಸಿ ಕುಟ್ಟಿದರೆ ತ್ರಿಫಲ ಚೂರ್ಣ. ಹೊಟ್ಟೆ ಕಟ್ಟಿದರೆ ರಾತ್ರಿ ಬಿಸಿನೀರಿನಲ್ಲಿ ಒಂದು ಚಮಚ ಎಂಬುದು ನಮ್ಮ ನಾರಾಯಣಪುರದಲ್ಲಿ ಅಕ್ಷರ ಬಾರದ ಅಜ್ಜಿಯರಿಗೂ ಗೊತ್ತು. ಅದೇ ಪುಡಿ ಈಗ ಮೊಬೈಲಿನಲ್ಲಿ ಬೇರೆಯೇ ಅವತಾರ ಎತ್ತಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಿಡ್ನಿ ಕಲ್ಲು, ಉದುರುವ ಕೂದಲು ಎಲ್ಲಕ್ಕೂ ಅದೇ ರಾಮಬಾಣವಂತೆ. ದಿನಕ್ಕೆ ಹತ್ತು ಬಾರಿ ಇಂಥ ಸಂದೇಶಗಳನ್ನು ಮುಂದಕ್ಕೆ ದಾಟಿಸುವವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು ಎಂಬುದು ನನ್ನ ಚಿಂತೆ.

ನಮ್ಮಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಿವೆ. ‘ಎಲ್ಲವೂ ನಮ್ಮ ಗ್ರಂಥಗಳಲ್ಲೇ ಇದೆ, ಪರೀಕ್ಷೆ ಯಾಕೆ?’ ಎನ್ನುವುದು ಒಂದು. ‘ಗಿಡಮೂಲಿಕೆ ಎಂದರೆ ಬರೀ ಮೋಸ’ ಎನ್ನುವುದು ಇನ್ನೊಂದು. ಎರಡೂ ಪಕ್ಷದವರು ಒಂದು ವಿಷಯದಲ್ಲಿ ಒಂದೇ: ಇಬ್ಬರೂ ಪರೀಕ್ಷೆ ಮಾಡುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಮೊದಲು ‘ನಮ್ಮದು’ ಎಂಬ ಮಾತನ್ನೇ ನೋಡೋಣ. ಕಲ್ಯಾಣದ ನೆಲಕ್ಕೆ ವೈದ್ಯದ ಪರಂಪರೆ ಇದೆ ಎಂಬುದರಲ್ಲಿ ಅನುಮಾನವಿಲ್ಲ. ಕಲ್ಯಾಣದ ಚಾಲುಕ್ಯ ವಂಶದ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗಾಗಿ ಕನ್ನಡದಲ್ಲೇ ‘ಗೋವೈದ್ಯ’ ಬರೆದ. ಹನ್ನೆರಡನೇ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣ ಎಂಬ ವಚನಕಾರರಿದ್ದರು. ಆದರೆ ತ್ರಿಫಲ ಒಂದೇ ಊರಿನಲ್ಲಿ, ಒಂದೇ ಗ್ರಂಥದಲ್ಲಿ ಕುಳಿತಿರಲಿಲ್ಲ. ಯುನಾನಿ ವೈದ್ಯರು ಅದನ್ನು ಜೇನಿನಲ್ಲಿ ಕಲಸಿ ‘ಇತ್ರಿಫಲ್’ ಎಂದು ಕರೆದರು. ಆ ಹೆಸರು ತ್ರಿಫಲದಿಂದಲೇ ಬಂದದ್ದು. 1890ರಲ್ಲಿ ಇಂದಿನ ಚೀನಾದ ಕುಚಾ ಪ್ರದೇಶದಲ್ಲಿ ಸಿಕ್ಕಿದ, ‘ಬೋವರ್ ಹಸ್ತಪ್ರತಿ’ ಎಂದು ಹೆಸರಾದ ಹಳೆಯ ಸಂಸ್ಕೃತ ಹಸ್ತಪ್ರತಿಯಲ್ಲಿ ಅಳಲೆಕಾಯಿಯ ಗುಣಗಳನ್ನು ಹೇಳಿದೆ. ಚೀನಾದ ಟಾಂಗ್ ಅರಸರ ಕಾಲದಲ್ಲಿ ‘ಸಾನ್ ಲ ಜಿಯಾಂಗ್’ ಎಂಬ ಪಾನೀಯ ಪ್ರಸಿದ್ಧವಾಗಿತ್ತು. ಹೆಸರಿನ ಅರ್ಥ ಮೂರು ‘ಲ’ಗಳ ಪಾನೀಯ. ಆ ಮೂರು ಬೇರೆ ಯಾವುವೂ ಅಲ್ಲ, ಹ-ಲಿ-ಲ, ಪಿ-ಲಿ-ಲ, ಆನ್-ಮೊ-ಲ; ಅಂದರೆ ಹರೀತಕಿ, ವಿಭೀತಕಿ, ಆಮಲಕ. ಅದನ್ನು ಮಾಡುವ ವಿಧಾನ ಪರ್ಷಿಯಾದಿಂದ ಬಂತು ಎಂದು ಆ ಕಾಲದ ಚೀನೀ ಲೇಖಕರೇ ಬರೆದಿಟ್ಟಿದ್ದಾರೆ. ಇಷ್ಟು ದೇಶ ಸುತ್ತಿದ ಪುಡಿಯನ್ನು ಬಾವುಟದ ಹಾಗೆ ಹಿಡಿದು ಜಗಳವಾಡುವುದರಲ್ಲಿ ಅರ್ಥವಿಲ್ಲ.

ಆ ಚೀನಾ ತನ್ನ ಹಳೆಯ ಔಷಧಗಳನ್ನು ಹೇಗೆ ಪರೀಕ್ಷೆಗೆ ಒಡ್ಡಿತು ಎಂಬುದರಲ್ಲಿ ನಮಗೆ ಪಾಠವಿದೆ. 2015ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರಾದ ಟು ಯುಯು ಮಲೇರಿಯಾಕ್ಕೆ ಮದ್ದು ಹುಡುಕುತ್ತ ನೂರಾರು ಹಳೆಯ ಸೂತ್ರಗಳನ್ನು ಜಾಲಾಡಿದರು. ‘ಚಿಂಗ್‌ಹಾವ್’ ಎಂಬ ಗಿಡ ಮೊದಲು ಭರವಸೆ ಹುಟ್ಟಿಸಿ ಆಮೇಲೆ ಕೈಕೊಟ್ಟಿತ್ತು. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ ಅದನ್ನು ಕುದಿಸಲು ಹೇಳಿರಲಿಲ್ಲ. ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಲು ಹೇಳಿದ್ದ. ಹಾಗಾದರೆ ಬಿಸಿಯೇ ಔಷಧವನ್ನು ಕೆಡಿಸುತ್ತಿರಬಹುದು ಎಂದು ಟು ಯುಯು ಊಹಿಸಿದರು. ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಆ ಸಾರ ಪ್ರಾಣಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಸಂಪೂರ್ಣ ಅಳಿಸಿತು. ರೋಗಿಗಳಿಗೆ ಕೊಡುವ ಮೊದಲು ಅವರು ಮತ್ತು ಸಹೋದ್ಯೋಗಿಗಳು ತಾವೇ ಅದನ್ನು ಸೇವಿಸಿ ನೋಡಿದರು. ಗ್ರಂಥ ದಾರಿ ತೋರಿಸಿತು, ತೀರ್ಪು ಕೊಟ್ಟದ್ದು ಪ್ರಯೋಗಾಲಯ.

ಒಂದೇ ಗಿಡವಾದರೆ ಸರಿ, ನಾಲ್ಕಾರು ಗಿಡ ಕಲಸಿದ ಸೂತ್ರವನ್ನು ಪರೀಕ್ಷಿಸುವುದು ಹೇಗೆ? ಅದಕ್ಕೂ ಉದಾಹರಣೆಯಿದೆ. ಚೀನಾದ ‘ಹುವಾಂಗ್ ಚಿನ್ ಟಾಂಗ್’ ಸುಮಾರು 1800 ವರ್ಷ ಹಳೆಯ ಕಷಾಯ. ಅದರಲ್ಲಿ ನಾಲ್ಕೇ ವಸ್ತುಗಳು. ಒಂದು ಜ್ಯೇಷ್ಠಮಧುವಿನ ಜಾತಿಯದು, ಇನ್ನೊಂದು ನಮ್ಮ ಬಾರಿಹಣ್ಣಿನ ಬಳಗದ್ದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಯುಂಗ್-ಚಿ ಚೆಂಗ್ ತಂಡ ಅದನ್ನು ಹಾಗೆಯೇ ಇಡಿಯಾಗಿ ಅಧ್ಯಯನಕ್ಕೆ ತೆಗೆದುಕೊಂಡಿತು. ಪ್ರತಿ ಬಾರಿ ತಯಾರಾದ ಔಷಧದ ರಾಸಾಯನಿಕ ಗುರುತನ್ನು ಅಳೆದು, ಹಿಂದಿನದಕ್ಕೆ ಹೊಂದುತ್ತದೆಯೇ ಎಂದು ನೋಡಿತು. ಕ್ಯಾನ್ಸರಿಗೆ ಕೊಡುವ ಒಂದು ಕಿಮೊಥೆರಪಿ ಔಷಧದಿಂದ ಕರುಳಿಗೆ ಆಗುವ ಹಾನಿ ಈ ಕಷಾಯದಿಂದ ಕಡಿಮೆಯಾಗುತ್ತದೆ ಎಂದು 2010ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಅಧ್ಯಯನ ತೋರಿಸಿತು. ಗಮನಿಸಿ: ಕಷಾಯ ಕ್ಯಾನ್ಸರನ್ನೇ ವಾಸಿ ಮಾಡುತ್ತದೆ ಎಂದು ಅವರು ಹೇಳಲಿಲ್ಲ. ಎಷ್ಟು ಕಂಡಿತೋ ಅಷ್ಟನ್ನೇ ಹೇಳಿದರು.

ನಮ್ಮ ತ್ರಿಫಲಕ್ಕೂ ಇಂಥ ಗೌರವ ಸಿಕ್ಕಿದ್ದುಂಟು, ಅದೂ ಕರ್ನಾಟಕದಲ್ಲೇ. ಮಣಿಪಾಲದ ದಂತವೈದ್ಯ ಕಾಲೇಜಿನ ಸಂಶೋಧಕರು 8ರಿಂದ 12 ವರ್ಷದ 1431 ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ನೀರು, ಒಂದಕ್ಕೆ ದಂತವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್, ಇನ್ನೊಂದಕ್ಕೆ ತ್ರಿಫಲದ ದ್ರಾವಣ ಬಾಯಿ ಮುಕ್ಕಳಿಸಲು ಕೊಟ್ಟು, ಒಂಬತ್ತು ತಿಂಗಳ ಕಾಲ ಪರೀಕ್ಷಿಸುತ್ತ ಬಂದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಲ್ಲಿನ ಕೊಳೆ ಮತ್ತು ಒಸಡಿನ ಊತ ತಗ್ಗಿಸುವುದರಲ್ಲಿ ತ್ರಿಫಲ ಕ್ಲೋರ್‌ಹೆಕ್ಸಿಡಿನ್‌ಗೆ ಸರಿಸಮವಾಗಿ ನಿಂತಿತು. ಅಜ್ಜಿಯ ಪುಡಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು? ಆದರೆ ಬಾಯಿ ಮುಕ್ಕಳಿಸುವ ಪರೀಕ್ಷೆಯಲ್ಲಿ ಪಾಸಾದ ಪುಡಿ ಸಕ್ಕರೆ ಕಾಯಿಲೆಯ ಪರೀಕ್ಷೆಯಲ್ಲೂ ಪಾಸಾಯಿತು ಎಂದು ಹೇಳುವುದು, ಗಣಿತದಲ್ಲಿ ಪಾಸಾದವನಿಗೆ ಭೌತಶಾಸ್ತ್ರದ ಅಂಕವನ್ನೂ ಕೊಟ್ಟ ಹಾಗೆ.

ಈ ವ್ಯತ್ಯಾಸ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ನಮಗೆ ಬೇಕಾದ ಕಾಕಾ ಒಬ್ಬರು ಸಕ್ಕರೆ ಕಾಯಿಲೆಯವರು. ಜಾತ್ರೆಯಲ್ಲಿ ಪುಡಿ ಮಾರುವವನ ಮಾತು ಕೇಳಿ ಮೂರು ತಿಂಗಳು ಗುಳಿಗೆ ಬಿಟ್ಟರು. ಕೇಳಿದರೆ, ‘ಗಿಡಮೂಲಿಕಿ ಅದ ತಮ್ಮಾ, ಇದರಿಂದ ಏನೂ ಆಗಲ್ಲ’ ಎಂದರು. ಪೊಟ್ಟಣದ ಮೇಲೆ ತಯಾರಕರ ಹೆಸರಿಲ್ಲ, ಪರವಾನಗಿ ಸಂಖ್ಯೆ ಇಲ್ಲ, ಒಳಗೆ ಏನಿದೆ ಎಂಬ ಪಟ್ಟಿಯೂ ಇಲ್ಲ. ಕಾಲಿನ ಸಣ್ಣ ಗಾಯ ಮಾಯಲಿಲ್ಲ. ಕೊನೆಗೆ ಒಂದು ಬೆರಳನ್ನೇ ತೆಗೆಯಬೇಕಾಯಿತು. ಪುಡಿ ಅವರಿಗೆ ವಿಷವಾಗದೆ ಇರಬಹುದು. ಆದರೆ ಅದು ಗುಳಿಗೆಯ ಜಾಗದಲ್ಲಿ ಬಂದು ಕೂತದ್ದೇ ಸಾಕಾಯಿತು.

‘ಗಿಡಮೂಲಿಕೆಯಿಂದ ಏನೂ ಆಗಲ್ಲ’ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಸೇವಿಸಿದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ‘ಫಾಂಗ್ ಜಿ’ ಎಂಬ ಬೇರಿನ ಬದಲು, ಹೆಸರಿನಲ್ಲಿ ಅದನ್ನೇ ಹೋಲುವ ಬೇರೊಂದು ಗಿಡದ ಬೇರು ಸೇರಿಹೋಗಿತ್ತು. ಅದರಲ್ಲಿದ್ದದ್ದು ಅರಿಸ್ಟೊಲೋಕಿಕ್ ಆಮ್ಲ. ಮೂತ್ರಪಿಂಡಕ್ಕೆ ವಿಷ, ಕ್ಯಾನ್ಸರಿಗೂ ಕಾರಣ. ಹಾವು ಕಡಿತಕ್ಕೆ ನಮ್ಮ ನಾಟಿ ವೈದ್ಯರು ಬಳಸುತ್ತ ಬಂದ ಈಶ್ವರಿ ಬಳ್ಳಿ ಅದೇ ಕುಲದ್ದು, ಅದರಲ್ಲೂ ಆ ಆಮ್ಲವಿದೆ. ಇನ್ನು 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟಕ್ಕಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ತಪ್ಪು ಪರಂಪರೆಯದ್ದಲ್ಲ, ಅಳೆಯದೆ, ನೋಡದೆ ಮಾರುವವರದ್ದು.

ಎಂಜಿನಿಯರಿಂಗ್ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಇಲ್ಲೇ ಕೆಲಸ ಹೆಚ್ಚು. ಶಾರ್ಙ್ಗಧರ ಸಂಹಿತೆ ತ್ರಿಫಲಕ್ಕೆ ಒಂದು ಅಳಲೆಕಾಯಿ, ಎರಡು ತಾರೆಕಾಯಿ, ನಾಲ್ಕು ನೆಲ್ಲಿಕಾಯಿ ಎನ್ನುತ್ತದೆ. ಇಂದು ರೂಢಿಯಲ್ಲಿರುವುದು ತೂಕದಲ್ಲಿ ಸಮಪಾಲು. ಎರಡೂ ಒಂದಕ್ಕೊಂದು ವಿರುದ್ಧವೇ? ಅಲ್ಲ. ಒಣಗಿದ ಅಳಲೆಕಾಯಿ ದೊಡ್ಡದು, ತಾರೆಕಾಯಿ ಮಧ್ಯಮ, ನೆಲ್ಲಿ ಚಿಕ್ಕದು. ಎಣಿಕೆಯಲ್ಲಿ ಒಂದು, ಎರಡು, ನಾಲ್ಕು ಆದರೆ ತೂಕದಲ್ಲಿ ಹೆಚ್ಚುಕಡಿಮೆ ಸಮವಾಗುತ್ತದೆ. ತಕ್ಕಡಿ ಇಲ್ಲದ ಮನೆಯಲ್ಲೂ ಅಳತೆ ತಪ್ಪದಿರಲಿ ಎಂಬ ಜಾಣ್ಮೆ ಅದು. ಅಂದರೆ ನಮ್ಮ ಹಿರಿಯರಿಗೆ ಅಳತೆ ಮುಖ್ಯವಾಗಿತ್ತು. ಬೀಜ ತೆಗೆದು ಸಿಪ್ಪೆ ಮತ್ತು ತಿರುಳನ್ನಷ್ಟೇ ಬಳಸಬೇಕೆಂಬ ನಿಯಮವೂ ಇದೆ. ಬೀಜ ಸಮೇತ ಅರೆದರೆ ಪೊಟ್ಟಣ ತೂಗುತ್ತದೆ, ಔಷಧ ತೂಗುವುದಿಲ್ಲ.

ಪುಡಿಯ ತೇವಾಂಶ, ಕಲಬೆರಕೆ, ಸೀಸದ ಅಂಶ ಅಳೆಯುವುದು, ಒಂದು ಬಾರಿಯ ತಯಾರಿಕೆಗೂ ಇನ್ನೊಂದು ಬಾರಿಯ ತಯಾರಿಕೆಗೂ ಇರುವ ವ್ಯತ್ಯಾಸ ಲೆಕ್ಕಹಾಕುವುದು, ಕಡಿಮೆ ಬೆಲೆಯ ಸೆನ್ಸರ್ ರೂಪಿಸುವುದು ಇವೆಲ್ಲ ನಾವು ಓದುವ ವಿಷಯಗಳೇ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಕೆಲಸ ಹುಡುಕುತ್ತಿರುವ ವಿಜ್ಞಾನ, ಫಾರ್ಮಸಿ, ಎಂಜಿನಿಯರಿಂಗ್ ಗೆಳೆಯರು ಸಾಫ್ಟ್‌ವೇರ್ ಕಂಪನಿಗಳ ಬಾಗಿಲನ್ನಷ್ಟೇ ಬಡಿಯದೆ ಔಷಧ ಗುಣಮಟ್ಟ ಪರೀಕ್ಷೆಯ ಕ್ಷೇತ್ರದತ್ತಲೂ ಕಣ್ಣು ಹಾಯಿಸಬೇಕು.

ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳೂ ಇವೆ, ಆಯುರ್ವೇದ ಕಾಲೇಜೂ ಇದೆ. ಇಬ್ಬರ ನಡುವೆ ಮಾತುಕತೆ ಮಾತ್ರ ಇಲ್ಲ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರಿಸುವ ಬದಲು, ಬಸವಕಲ್ಯಾಣ, ಹುಮನಾಬಾದ್ ಸಂತೆಗಳಲ್ಲಿ ಸಿಗುವ ತ್ರಿಫಲದ ಪೊಟ್ಟಣಗಳನ್ನು ತಂದು ಎರಡೂ ಕಾಲೇಜಿನವರು ಜೊತೆಯಾಗಿ ಯಾಕೆ ಪರೀಕ್ಷಿಸಬಾರದು? ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಯಾಕೆ ಓದಬಾರದು? ವಿಶ್ವವಿದ್ಯಾಲಯ ಇದಕ್ಕೆ ಅಂಕ ಕೊಡಲಿ, ಆಯುಷ್ ಇಲಾಖೆ ಮಾರ್ಗದರ್ಶನ ಕೊಡಲಿ.

ಅಲ್ಲಿಯವರೆಗೆ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸಗಳಿವೆ. ಲೇಬಲ್‌ನಲ್ಲಿ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ವಸ್ತುಗಳ ಪಟ್ಟಿ ಇಲ್ಲದ ಪುಡಿ ಮನೆಗೆ ಬರಬಾರದು. ಮನೆಯ ಹಿರಿಯರು ಯಾವ ಚೂರ್ಣ ಸೇವಿಸುತ್ತಿದ್ದರೂ ಅದನ್ನು ಡಾಕ್ಟರಿಗೆ ಹೇಳಬೇಕು. ಬಿಪಿ, ಸಕ್ಕರೆಯ ಗುಳಿಗೆಯನ್ನು ವೈದ್ಯರನ್ನು ಕೇಳದೆ ಬಿಡಬಾರದು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯಡಿ ಅಪರಾಧ ಎಂಬುದನ್ನು ನಾಲ್ಕು ಜನಕ್ಕೆ ತಿಳಿಸಬೇಕು. ಮತ್ತು ಮೊಬೈಲಿಗೆ ರಾಮಬಾಣದ ಸಂದೇಶ ಬಂದಾಗ ಮುಂದಕ್ಕೆ ಕಳಿಸುವ ಮೊದಲು ಕಳಿಸಿದವರನ್ನೇ ಕೇಳಿ: ಯಾವ ಗಿಡ, ಎಷ್ಟು ಪ್ರಮಾಣ, ಎಷ್ಟು ಜನರ ಮೇಲೆ, ಯಾರು ಪರೀಕ್ಷಿಸಿದರು? ಉತ್ತರ ಬರದಿದ್ದರೆ ಆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.

– ಬಿಇ ವಿದ್ಯಾರ್ಥಿ, ನಾರಾಯಣಪುರ, ಬಸವಕಲ್ಯಾಣ ತಾಲ್ಲೂಕು