ದಂಡವಲ್ಲದ ದಂಡ

ದಂಡ ವಿಧಿಸುವ ಅಧಿಕಾರ ಯಾರಿಗೆ ಸೇರಿದ್ದು? ಹೀಗೆ ಕೇಳಿದರೆ ರಾಜ್ಯಶಾಸ್ತ್ರದ ಮೊದಲನೆಯ ವರ್ಷದ ವಿದ್ಯಾರ್ಥಿಯೂ 'ಪ್ರಭುತ್ವಕ್ಕೆ' ಎಂದು ತಡೆಯದೆ ಉತ್ತರ ಕೊಡುತ್ತಾನೆ. ನಮ್ಮ ಹಿರಿಯರು ರಾಜನೀತಿಯನ್ನೇ ದಂಡನೀತಿ ಎಂದು ಕರೆದರು. ಆದರೆ ಅಂಗಡಿಗಳ ಮುಂದಿನ ಜಾಗವನ್ನು ನೋಡಿಕೊಳ್ಳುವ ಒಂದು ಖಾಸಗಿ ಕಂಪನಿ, ನೂರು ಪೌಂಡು ಕಟ್ಟೆಂದು ಕಾಗದ ಬರೆದರೆ ಅದು ದಂಡವೋ, ಬರಿಯ ಬಿಲ್ಲೋ? ಆ ಕಾಗದ ಕಾರು ಓಡಿಸಿದವನ ಕೈಸೇರುವ ಮೊದಲೇ ಮತ್ತೊಬ್ಬರು ಹಣ ಕಟ್ಟಿ, ಅದನ್ನು ಅವನ ಖಾತೆಯಿಂದ ಮುರಿದುಕೊಂಡರೆ ಅದಕ್ಕೆ ಏನೆಂದು ಹೆಸರಿಡಬೇಕು? ಇಂಗ್ಲೆಂಡಿನಲ್ಲಿ ಲೀಸಿಗೆ ಕಾರು ಪಡೆದವರಿಗೆ ಎದುರಾಗುವ ಪ್ರಶ್ನೆ ಇದು. ನಮ್ಮಲ್ಲಿ ಓದಿದ ಕೆಲವರು ಆ ದೇಶದಲ್ಲಿ ನೆಲೆಸಿದ್ದಾರೆ. ಓದುತ್ತಿರುವವರಲ್ಲೂ ಹೋಗುವ ಆಸೆಯುಳ್ಳವರಿದ್ದಾರೆ. ಆದಕಾರಣ ಇದು ದೂರದ ಮಾತೆಂದು ವಾಚಕರು ಪುಟ ತಿರುವಬಾರದೆಂದು ನನ್ನ ವಿನಂತಿ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ರಸ್ತೆಯ ಬದಿಯಲ್ಲಿ ನಿಯಮ ಮೀರಿ ನಿಲ್ಲಿಸಿದ ಗಾಡಿಗೆ ಅಲ್ಲಿನ ನಗರಾಡಳಿತ ಕಳುಹಿಸುವುದು 'ಪೆನಾಲ್ಟಿ ಚಾರ್ಜ್ ನೋಟೀಸು'. ಅದು ಶಾಸನದ ಬಲವುಳ್ಳ ದಂಡ. ಖಾಸಗಿ ಜಾಗದಲ್ಲಿ ನಿಲ್ಲಿಸಿದ ಗಾಡಿಗೆ ಕಂಪನಿ ಕಳುಹಿಸುವುದು 'ಪಾರ್ಕಿಂಗ್ ಚಾರ್ಜ್ ನೋಟೀಸು'. ಎರಡಕ್ಕೂ ಪಿ.ಸಿ.ಎನ್. ಎಂಬ ಒಂದೇ ಸಂಕ್ಷೇಪ! ಆದರೆ ಎರಡನೆಯದು ದಂಡವೇ ಅಲ್ಲ. ಕರಾರು ಮುರಿದುದಕ್ಕಾಗಿ ಕೇಳುವ ಹಣ. ಜಾಗದಲ್ಲಿ ನೆಟ್ಟ ಹಲಗೆಯೇ ಕರಾರುಪತ್ರ. ಅದನ್ನು ಕಂಡೂ ಗಾಡಿ ನಿಲ್ಲಿಸಿದರೆ ಒಪ್ಪಿಗೆಯ ಸಹಿ ಹಾಕಿದಂತೆ. ಹಣ ಬಾರದಿದ್ದರೆ ಕಂಪನಿ ಸಿವಿಲ್ ನ್ಯಾಯಾಲಯದ ಬಾಗಿಲು ತಟ್ಟಬೇಕೇ ಹೊರತು ತಾನೇ ಜಫ್ತಿ ಮಾಡುವಂತಿಲ್ಲ.

ಹೀಗೆಂದ ಮಾತ್ರಕ್ಕೆ ಈ ಕಾಗದಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಬಹುದೆಂಬುದು ನನ್ನ ಅಭಿಪ್ರಾಯವಲ್ಲ. 2013ರ ಏಪ್ರಿಲಿನಲ್ಲಿ ಚೆಲ್ಮ್ಸ್‌ಫರ್ಡ್ ಎಂಬ ಊರಿನ ಅಂಗಡಿಗಳ ಆವರಣದಲ್ಲಿ ಬೀವಿಸ್ ಎಂಬುವರು ಎರಡು ಗಂಟೆಗಳ ಮಿತಿಯನ್ನು ಮೀರಿ 56 ನಿಮಿಷ ಹೆಚ್ಚಾಗಿ ಕಾರು ನಿಲ್ಲಿಸಿದ್ದರು. ಪಾರ್ಕಿಂಗ್‌ಐ ಕಂಪನಿ 85 ಪೌಂಡು ಕೇಳಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2015ರ ನವೆಂಬರಿನಲ್ಲಿ ಬಹುಮತದ ತೀರ್ಪು ಕಂಪನಿಯ ಪರವಾಗಿ ಬಂತು. ಜಾಗ ಎಲ್ಲ ಗಿರಾಕಿಗಳಿಗೂ ಸರದಿಯಂತೆ ಸಿಗಬೇಕೆಂಬುದು ನ್ಯಾಯವಾದ ಉದ್ದೇಶ, ಹಲಗೆಗಳು ಕಣ್ಣಿಗೆ ಬೀಳುವಂತಿದ್ದುವು, ಮೊತ್ತವೂ ಅತಿಯಲ್ಲ ಎಂದು ನ್ಯಾಯಾಲಯ ಹೇಳಿತು. ಲಾರ್ಡ್ ಟೌಲ್ಸನ್ ಒಬ್ಬರು ಮಾತ್ರ ಭಿನ್ನಮತ ಸೂಚಿಸಿದರು. ಈ ತೀರ್ಪನ್ನು ನಾನು ಹಳಿಯುವುದಿಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು: ಬೀವಿಸ್ ಸೋತರು ನಿಜ, ಮೂರು ನ್ಯಾಯಾಲಯಗಳಲ್ಲಿ ತಮ್ಮ ಮಾತನ್ನು ಹೇಳಿ ಸೋತರು. ಲೀಸಿನ ಕಾರಿನವನು ಎಷ್ಟೋ ವೇಳೆ ಬಾಯಿ ತೆರೆಯುವುದಕ್ಕೆ ಮುಂಚೆಯೇ ಸೋತಿರುತ್ತಾನೆ.

ಇದು ಹೇಗೆ ಆಗುತ್ತದೆ? ಹಿಂದೆ ಅಲ್ಲಿನ ಖಾಸಗಿ ಜಾಗಗಳಲ್ಲಿ ಗಾಡಿಯ ಚಕ್ರಕ್ಕೆ ಬೀಗ ಹಾಕಿ ಹಣ ಕೀಳುವ ಪದ್ಧತಿಯಿತ್ತು. 2012ರ 'ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್' ಎಂಬ ಶಾಸನ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅದನ್ನು ನಿಲ್ಲಿಸಿತು. ಅದಕ್ಕೆ ಬದಲಾಗಿ, ಗಾಡಿ ಓಡಿಸಿದವನು ಯಾರೆಂದು ತಿಳಿಯದಿದ್ದಾಗ, ಕೆಲವು ಷರತ್ತುಗಳಿಗೆ ಒಳಪಟ್ಟು, ಗಾಡಿಯ ನೋಂದಣಿಯಲ್ಲಿ ಹೆಸರಿರುವವನಿಂದ ಹಣ ಕೇಳುವ ಹಕ್ಕನ್ನು ಪಾರ್ಕಿಂಗ್ ಕಂಪನಿಗಳಿಗೆ ಕೊಟ್ಟಿತು. ಈಗ ಅನೇಕ ಕಡೆ ಕ್ಯಾಮರಾ ಒಳಹೋಗುವ, ಹೊರಬರುವ ಗಾಡಿಗಳ ನಂಬರನ್ನು ಓದಿಕೊಳ್ಳುತ್ತದೆ. ಕಂಪನಿ ಸರ್ಕಾರದ ವಾಹನ ನೋಂದಣಿ ಇಲಾಖೆಗೆ ಎರಡೂವರೆ ಪೌಂಡು ಶುಲ್ಕ ತೆತ್ತು ವಿಳಾಸ ಪಡೆಯುತ್ತದೆ. ಲೀಸಿನ ಕಾರಿಗೆ ನೋಂದಣಿಯಲ್ಲಿ ಸಾಮಾನ್ಯವಾಗಿ ಇರುವುದು ಲೀಸ್ ಕಂಪನಿಯ ಹೆಸರು. ಹೀಗಾಗಿ ಕಾಗದ ಅಲ್ಲಿಗೆ ಹೋಗುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಬಾರದೆಂದು ಶಾಸನ ಮಾಡಿದವರಿಗೂ ತೋರಿತು. ಆದ್ದರಿಂದ ಬಾಡಿಗೆಯ ಗಾಡಿಗಳಿಗೆ ಬೇರೆಯೇ ಒಂದು ದಾರಿಯನ್ನು ಹಾಕಿಕೊಟ್ಟರು. ಲೀಸ್ ಕಂಪನಿ 28 ದಿನಗಳೊಳಗೆ ಮೂರು ಕಾಗದಗಳನ್ನು ಒದಗಿಸಬೇಕು: ಆ ದಿನ ಗಾಡಿ ಬಾಡಿಗೆಗೆ ಹೋಗಿತ್ತೆಂಬ ಹೇಳಿಕೆ, ಬಾಡಿಗೆಯ ಕರಾರಿನ ಪ್ರತಿ, ಇಂಥ ಹಣಕ್ಕೆ ತಾನೇ ಹೊಣೆಯೆಂದು ಬಾಡಿಗೆದಾರ ಸಹಿ ಹಾಕಿದ ಪತ್ರದ ಪ್ರತಿ. ಅಲ್ಲಿಗೆ ಲೀಸ್ ಕಂಪನಿಯ ಹೊಣೆ ಕಳೆಯಿತು. ಪಾರ್ಕಿಂಗ್ ಕಂಪನಿ ಆಮೇಲೆ 21 ದಿನಗಳೊಳಗೆ ಆ ಪ್ರತಿಗಳನ್ನೂ ಲಗತ್ತಿಸಿ ಬಾಡಿಗೆದಾರನ ಹೆಸರಿಗೇ ನೋಟೀಸು ಮುಟ್ಟಿಸಬೇಕು. ಆಗ ಅವನು ತನ್ನ ಅಹವಾಲನ್ನು ಮೊದಲು ಆ ಕಂಪನಿಗೂ, ಅದು ಒಪ್ಪದಿದ್ದರೆ ಕಂಪನಿ ಸೇರಿರುವ ಸಂಘಕ್ಕೆ ತಕ್ಕಂತೆ ಪಾಪ್ಲಾ ಅಥವಾ ಐ.ಎ.ಎಸ್. (ನಮ್ಮ ಐ.ಎ.ಎಸ್. ಅಲ್ಲ!) ಎಂಬ ಮೇಲ್ಮನವಿ ಸಂಸ್ಥೆಗೂ ಸಲ್ಲಿಸಬಹುದು. ಪಾಪ್ಲಾದಲ್ಲಿ ಮನವಿದಾರನಿಗೆ ಖರ್ಚಿಲ್ಲ. ತೀರ್ಪು ಅವನ ಪರವಾದರೆ ಕಂಪನಿ ಅದಕ್ಕೆ ಬದ್ಧ.

ದಾರಿ ಹೀಗೆ ಹಸನಾಗಿದ್ದರೂ ಕೆಲವು ಲೀಸ್ ಕಂಪನಿಗಳು ಅದನ್ನು ಹಿಡಿಯುವುದಿಲ್ಲ. ನೋಟೀಸು ಬಂದೊಡನೆ ಹಣ ಕಟ್ಟಿ, ತಮ್ಮ ಕಚೇರಿಯ ಶುಲ್ಕವನ್ನೂ ಸೇರಿಸಿ ಬಾಡಿಗೆದಾರನಿಂದ ವಸೂಲು ಮಾಡುತ್ತವೆ. ಹಣ ಸಂದಾಯವಾದ ಮೇಲೆ ಮೇಲ್ಮನವಿಗೆ ಆಸ್ಪದವಿಲ್ಲ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಇದು ನಮ್ಮ ಮನೆಯವರಿಗೇ ಆದ ಅನುಭವ. ನನ್ನ ಅಕ್ಕ ಇಂಗ್ಲೆಂಡಿನ ಒಂದು ಊರಿನಲ್ಲಿ ದಾದಿಯಾಗಿದ್ದಾಳೆ. ಭಾವನವರು ಲೀಸಿಗೆ ಪಡೆದ ಕಾರಿನಲ್ಲಿ ಒಂದು ದಿನ ಪೇಟೆಗೆ ಹೋಗಿ, ಪಾರ್ಕಿಂಗ್ ಯಂತ್ರಕ್ಕೆ ಸಲ್ಲಬೇಕಾದ ಹಣವನ್ನು ಸಲ್ಲಿಸಿಯೇ ಬಂದರು. ಗಾಡಿಯ ನಂಬರು ಒತ್ತುವಾಗ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಅಕ್ಷರ ಬಿದ್ದಿತ್ತು, ಅಷ್ಟೆ. ಇಂಥ ಒಂದಕ್ಷರದ ವ್ಯತ್ಯಾಸವಿದ್ದು ಹಣ ಸಂದಿದ್ದರೆ, ಮನವಿ ಬಂದಾಗ ನೋಟೀಸನ್ನು ರದ್ದುಮಾಡಬೇಕೆಂದು ಪಾರ್ಕಿಂಗ್ ಕಂಪನಿಗಳ ಸಂಘದ ನಿಯಮಾವಳಿಯೇ ಹೇಳುತ್ತದೆ. ಚೀಟಿಯೂ ಭಾವನವರ ಬಳಿ ಇತ್ತು. ಆದರೆ ಅವರಿಗೆ ಬಂದ ಮೊದಲ ಕಾಗದವೇ ಲೀಸ್ ಕಂಪನಿಯ ಲೆಕ್ಕಪತ್ರ: ಪಾರ್ಕಿಂಗ್ ಕಂಪನಿಗೆ ಕಟ್ಟಿದ್ದು 60 ಪೌಂಡು, ನಮ್ಮ ಶುಲ್ಕ 30 ಪೌಂಡು, ಒಟ್ಟು 90. ಚೀಟಿಯನ್ನು ಕಳುಹಿಸಿದರೆ, 'ಕರಾರಿನಲ್ಲಿ ಹೀಗೆಯೇ ಇದೆ' ಎಂಬ ಉತ್ತರ. ಅಕ್ಕ ಫೋನಿನಲ್ಲಿ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: "ದುಡ್ಡು ಹೋಯಿತು, ಹೋಗಲಿ ಬಿಡು, 'ಏನಪ್ಪಾ ನಡೆಯಿತು' ಅಂತ ಒಬ್ಬರಾದರೂ ಕೇಳಬೇಡವೆ?"

ಲೀಸ್ ಕಂಪನಿಗಳ ವಾದವನ್ನೂ ಕೇಳುವುದು ನ್ಯಾಯ. ಸಾವಿರಾರು ಕಾರುಗಳಿರುವಾಗ ಒಂದೊಂದರ ವಿಚಾರಣೆ ನಡೆಸಲು ತಮಗೆ ಬಿಡುವಿಲ್ಲ. 14 ದಿನಗಳೊಳಗೆ ಕಟ್ಟಿದರೆ ನೂರಕ್ಕೆ ನಲವತ್ತರಷ್ಟು ರಿಯಾಯಿತಿಯಿದೆ. ತಡಮಾಡಿದರೆ ಗಿರಾಕಿಗೇ ನಷ್ಟ ಎನ್ನುತ್ತಾರೆ. ಆದರೆ ಶಾಸನ ಅವರಿಂದ ವಿಚಾರಣೆಯನ್ನು ಕೇಳಲೇ ಇಲ್ಲ. ಕೇಳಿದ್ದು ಮೂರು ಕಾಗದಗಳನ್ನು. ಅವು ಅವರ ಕಡತದಲ್ಲಿಯೇ ಇರಬೇಕಾದಂಥವು. ಕೊಡಬೇಕಾಗಿಲ್ಲದ ಹಣದಲ್ಲಿ ತೋರಿಸುವ ರಿಯಾಯಿತಿಯನ್ನು ಉಪಕಾರವೆಂದು ಹೇಗೆ ಎಣಿಸುವುದು? ಕಾಗದವನ್ನು ವರ್ಗಾಯಿಸುವ ಶ್ರಮಕ್ಕೆ ತಕ್ಕ ಶುಲ್ಕ ತೆಗೆದುಕೊಳ್ಳಲಿ, ಬೇಡವೆನ್ನುವುದಿಲ್ಲ. ಗಿರಾಕಿಯ ಬಾಯಿ ಕಟ್ಟಿದ್ದಕ್ಕೂ ಶುಲ್ಕ ಕೇಳುವುದು ಮಾತ್ರ ವಿಪರೀತ.

ಅಲ್ಲಿಗೆ ಹೋಗುವ ಸಹಪಾಠಿಗಳು ಕೆಲವು ಅಂಶಗಳನ್ನು ನೆನಪಿನಲ್ಲಿಡಬೇಕು. ಲೀಸಿಗೆ ಸಹಿ ಹಾಕುವ ಮೊದಲು ಪಾರ್ಕಿಂಗ್ ನೋಟೀಸುಗಳ ಬಗೆಗಿನ ಷರತ್ತನ್ನು ಹುಡುಕಿ ಓದಬೇಕು. ಹಣ ಕಟ್ಟದೆ ನನ್ನ ಹೆಸರಿಗೆ ವರ್ಗಾಯಿಸಿರೆಂದು ಆರಂಭದಲ್ಲಿಯೇ ಬರೆದು ಕೊಡಬೇಕು. ಚೀಟಿ, ಹಲಗೆಯ ಛಾಯಾಚಿತ್ರಗಳನ್ನು ಇಟ್ಟುಕೊಂಡಿರಬೇಕು. ತನ್ನ ಹೆಸರಿಗೆ ನೋಟೀಸು ಬಂದರೆ ತಾರೀಖುಗಳನ್ನು ಎಣಿಸಿ, ಲಗತ್ತುಗಳು ಇವೆಯೇ ಎಂದು ನೋಡಿ, ವಾಯಿದೆಯೊಳಗೆ ಉತ್ತರಿಸಬೇಕು. ಸುಮ್ಮನೆ ಕೂರುವುದು ಎಂದಿಗೂ ತರವಲ್ಲ. ನ್ಯಾಯಾಲಯದ ತೀರ್ಪಾಗಿ ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ಆ ತೀರ್ಪು ಆರು ವರ್ಷ ದಾಖಲೆಯಲ್ಲಿ ಉಳಿದು, ಸಾಲ ಪಡೆಯುವುದಕ್ಕೂ ಅಡ್ಡಿಯಾಗುತ್ತದೆ.

ಆದರೆ ಬಾಡಿಗೆದಾರನ ಎಚ್ಚರವೊಂದರಿಂದಲೇ ಇದು ಸರಿಹೋಗುವುದಿಲ್ಲ. ಖಾಸಗಿ ಪಾರ್ಕಿಂಗಿಗೆ ಸರ್ಕಾರದ ನಿಯಮಾವಳಿ ಇರಬೇಕೆಂದು ಬ್ರಿಟಿಷ್ ಪಾರ್ಲಿಮೆಂಟು 2019ರಲ್ಲಿಯೇ ಶಾಸನ ಮಾಡಿತು. 2022ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಾವಳಿಯನ್ನು, ಪಾರ್ಕಿಂಗ್ ಕಂಪನಿಗಳು ನ್ಯಾಯಾಲಯಕ್ಕೆ ಹೋದುದರಿಂದ, ಸರ್ಕಾರ ಅದೇ ವರ್ಷದ ಜೂನಿನಲ್ಲಿ ಹಿಂತೆಗೆದುಕೊಂಡಿತು. 2024ರಲ್ಲಿ ಕಂಪನಿಗಳ ಸಂಘಗಳು ತಮ್ಮದೇ ನಿಯಮಾವಳಿಯನ್ನು ಹೊರತಂದುವು. 2025ರಲ್ಲಿ ಸರ್ಕಾರ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಬಾಡಿಗೆದಾರನಿಗೆ ತಿಳಿಸದೆ ಅವನ ಪರವಾಗಿ ಯಾರೂ ಹಣ ಕಟ್ಟಕೂಡದು, ಕಟ್ಟಿದರೂ ಅವನ ಮನವಿಯ ಹಕ್ಕು ಅಳಿಯಕೂಡದು ಎಂಬ ಎರಡು ಸಾಲುಗಳು ಕಾನೂನಿನಲ್ಲಿ ಸೇರಬೇಕೆಂಬುದು ನನ್ನ ವಾದ.

'ಇನ್ನೊಬ್ಬನ ಮಾತನ್ನೂ ಕೇಳು' ಎಂಬ ನಿಯಮವನ್ನು ಸಹಜ ನ್ಯಾಯದ ಮೂಲತತ್ವವೆಂದು ನಾವು ತರಗತಿಯಲ್ಲಿ ಓದುತ್ತೇವೆ. ಇಂಗ್ಲಿಷ್ ನ್ಯಾಯಪದ್ಧತಿ ಅದನ್ನು ಶತಮಾನಗಳಿಂದ ಎತ್ತಿಹಿಡಿದಿದೆ. 1978ರ ಮನೇಕಾ ಗಾಂಧಿ ಮೊಕದ್ದಮೆಯಲ್ಲಿ, ಒಬ್ಬರ ಪಾಸ್‌ಪೋರ್ಟನ್ನು ಹಿಡಿದಿಟ್ಟ ಸರ್ಕಾರವೂ ಅವರ ಮಾತನ್ನು ಕೇಳಲೇಬೇಕೆಂದು ನಮ್ಮ ಸುಪ್ರೀಂ ಕೋರ್ಟು ಸಾರಿತು. ಪ್ರಭುತ್ವವನ್ನು ಹೀಗೆ ಕಟ್ಟಿಹಾಕಿದ ತತ್ವ, ದಂಡ ವಸೂಲಿ ಕರಾರಿನ ವೇಷ ತೊಟ್ಟು ಖಾಸಗಿಯವರ ಕೈಗೆ ಹೋದೊಡನೆ ನುಣುಚಿಕೊಳ್ಳುತ್ತದೆ. ನೂರು ಪೌಂಡು ದೊಡ್ಡ ಮೊತ್ತವಲ್ಲವೆಂದು ಕೆಲವರು ಹೇಳಬಹುದು. ಮೊತ್ತ ಸಣ್ಣದೆಂಬ ಕಾರಣಕ್ಕೆ ಕೇಳದೆಯೇ ತೀರ್ಮಾನಿಸುವುದನ್ನು ಒಪ್ಪಿಕೊಂಡವರು, ಮೊತ್ತ ದೊಡ್ಡದಾದ ದಿನ ಯಾವ ಬಾಯಿಂದ ಬೇಡವೆಂದಾರು?